ಬಾಣಂತಿಯ ಅಳು ಎಷ್ಟು ದಿನ ಸಹಜ? ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವುದು ಹೀಗೆ

"ನಮ್ಮಜ್ಜಿ ಹತ್ತು ಹೆತ್ತರು, ಒಂದಿನವೂ ಡಿಪ್ರೆಶನ್ ಅನ್ನಲಿಲ್ಲ. ಈಗಿನವರಿಗೆ ಒಂದು ಹೆತ್ತರೂ ಡಿಪ್ರೆಶನ್. ಎಲ್ಲ ಮೊಬೈಲ್ ಮಹಿಮೆ!"

ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಳಗೆ ನಾಲ್ಕೈದು ಜನ ನಗುವ ಎಮೋಜಿ ಹಾಕಿರುತ್ತಾರೆ. ಅದೇ ಗ್ರೂಪಿನಲ್ಲಿ ಎರಡು ತಿಂಗಳ ಮಗುವಿನ ತಾಯಿಯೊಬ್ಬಳು ಇದ್ದು, ಅದನ್ನು ಓದಿ ಏನೂ ಬರೆಯದೆ ಫೋನ್ ಪಕ್ಕಕ್ಕಿಟ್ಟಿರಬಹುದು. ತನಗೇನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಅವಳಿಗೆ ಇನ್ನಷ್ಟು ಕಷ್ಟವಾಗುತ್ತದೆ.

ಈ ಲೇಖನವನ್ನು ನಾವು ಮುಖ್ಯವಾಗಿ ಬಾಣಂತಿಯ ಸುತ್ತ ಇರುವವರಿಗಾಗಿ ಬರೆದಿದ್ದೇವೆ. ಗಂಡ, ಅವ್ವ, ಅತ್ತೆ, ಅಕ್ಕ, ನಾದಿನಿ, ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ. ಖಿನ್ನತೆಯಲ್ಲಿರುವ ತಾಯಿ ತಾನಾಗಿ ಆಸ್ಪತ್ರೆಗೆ ಹೋಗುವುದು ಕಡಿಮೆ. ಯಾರಾದರೂ ಗಮನಿಸಿ, ಕೇಳಿ, ಜೊತೆಗೆ ಹೋಗಬೇಕಾಗುತ್ತದೆ.

ಚುಟುಕಾಗಿ ಹೇಳುವುದಾದರೆ

- ಹೆರಿಗೆಯಾದ ಮೊದಲ ಕೆಲವು ದಿನ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ ಖಿನ್ನತೆ ಇರಬಹುದು ಎಂದು ಯೋಚಿಸಬೇಕು.
- ಮಗು ಮಲಗಿದಾಗಲೂ, ನೋಡಿಕೊಳ್ಳಲು ಬೇರೆಯವರಿದ್ದಾಗಲೂ ತಾಯಿಗೆ ನಿದ್ದೆ ಬರುತ್ತಿಲ್ಲ ಎಂದರೆ ಅದು ಮುಖ್ಯ ಸುಳಿವು.
- ಇದಕ್ಕೆ ಚಿಕಿತ್ಸೆ ಇದೆ. ಎದೆಹಾಲು ಕುಡಿಸುತ್ತಲೇ ಚಿಕಿತ್ಸೆ ಪಡೆಯಬಹುದು.
- ಟೆಲಿ-ಮಾನಸ್ ಸಹಾಯವಾಣಿ 14416. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಮೂರು ಸ್ಥಿತಿ, ಮೂರೂ ಬೇರೆ ಬೇರೆ

ಹೆರಿಗೆಯ ನಂತರ ಮನಸ್ಸಿನಲ್ಲಾಗುವ ಎಲ್ಲ ಏರುಪೇರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ವೈದ್ಯರು ಮೂರು ಸ್ಥಿತಿಗಳನ್ನು ಬೇರ್ಪಡಿಸಿ ನೋಡುತ್ತಾರೆ.

ಮೊದಲನೆಯದು ಬೇಬಿ ಬ್ಲೂಸ್. ಹೆರಿಗೆಯಾದ ಎರಡು ಮೂರನೇ ದಿನಕ್ಕೆ ಶುರುವಾಗುತ್ತದೆ. ಕಾರಣವಿಲ್ಲದೆ ಅಳು, ಸಣ್ಣ ಮಾತಿಗೂ ಸಿಟ್ಟು, ಸ್ವಲ್ಪ ಹೊತ್ತಿಗೆ ಮತ್ತೆ ನಗು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ. ಗರ್ಭದಲ್ಲಿ ಮಗು ಇದ್ದಾಗ ಏರಿದ್ದ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯಾದ ಕೂಡಲೇ ರಭಸವಾಗಿ ಇಳಿಯುತ್ತವೆ, ಜೊತೆಗೆ ನಿದ್ದೆಗೇಡು ಸೇರುತ್ತದೆ. ಇದಕ್ಕೆ ಔಷಧ ಬೇಡ. ವಿಶ್ರಾಂತಿ ಮತ್ತು ಆಸರೆ ಸಿಕ್ಕರೆ ಎರಡು ವಾರದೊಳಗೆ ತಾನಾಗಿ ಸರಿಹೋಗುತ್ತದೆ.

ಎರಡನೆಯದು ಹೆರಿಗೆಯ ನಂತರದ ಖಿನ್ನತೆ. ಇದು ಎರಡು ವಾರದಲ್ಲಿ ಹೋಗುವುದಿಲ್ಲ. ಮೊದಲ ತಿಂಗಳಲ್ಲೇ ಶುರುವಾಗಬಹುದು, ಐದಾರು ತಿಂಗಳ ನಂತರವೂ ಕಾಣಿಸಿಕೊಳ್ಳಬಹುದು. ಎಷ್ಟೋ ತಾಯಂದಿರಿಗೆ ಬಸಿರಿನಲ್ಲೇ ಶುರುವಾಗಿರುತ್ತದೆ.

ಮೂರನೆಯದು ತೀವ್ರ ಮಾನಸಿಕ ಕಾಯಿಲೆ, ಹಿರಿಯರು "ಬಾಣಂತಿ ಸನ್ನಿ" ಎನ್ನುವುದು. ಸಾವಿರ ಹೆರಿಗೆಗೆ ಒಂದೋ ಎರಡೋ ಕಂಡುಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ. ರಾತ್ರಿಯಿಡೀ ನಿದ್ದೆಯಿಲ್ಲದೆ ಓಡಾಡುವುದು, ಸಂಬಂಧವಿಲ್ಲದ ಮಾತು, ಯಾರೋ ಮಾತಾಡುವುದು ಕೇಳಿಸುತ್ತಿದೆ ಎನ್ನುವುದು, ಮಗು ತನ್ನದಲ್ಲ ಎನ್ನುವುದು, ಮನೆಯವರ ಮೇಲೆಲ್ಲ ಅನುಮಾನ. ಇದು ತುರ್ತು ಸ್ಥಿತಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯ ನಂಜಿನಿಂದ ಜ್ವರ ಏರಿ ಬಡಬಡಿಸುವುದನ್ನೂ ಹಳ್ಳಿಗಳಲ್ಲಿ ಸನ್ನಿ ಎಂದೇ ಕರೆಯುವುದುಂಟು. ಅದು ಕೂಡ ಅಷ್ಟೇ ತುರ್ತು.

ಎಷ್ಟು ಜನಕ್ಕೆ ಬರುತ್ತದೆ?

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಒಟ್ಟು 20,043 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶೇ. 22ರಷ್ಟು ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡುಬಂದಿದೆ. ಅಂದರೆ ಐವರಲ್ಲಿ ಒಬ್ಬರಿಗೆ. ಲಸಿಕೆ ಹಾಕಿಸಲು ಅಂಗನವಾಡಿ ಮುಂದೆ ಹತ್ತು ತಾಯಂದಿರು ಕೂತಿದ್ದರೆ ಅವರಲ್ಲಿ ಇಬ್ಬರಿಗೆ ಇದು ಇರಬಹುದು.

ನಮ್ಮ ನೆರೆಯ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಕೆಲವು ಮುಖ್ಯ ಸಂಗತಿಗಳನ್ನು ಹೇಳುತ್ತದೆ. ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಶೇ. 23ರಷ್ಟು ತಾಯಂದಿರು ಖಿನ್ನತೆಯಲ್ಲಿದ್ದರು. ಅವರಲ್ಲಿ ಶೇ. 78ರಷ್ಟು ಮಂದಿ ಗರ್ಭಿಣಿಯಾಗಿದ್ದಾಗಲೇ ಮಾನಸಿಕವಾಗಿ ಬಳಲುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರು ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ. ಬಡತನ, ಗಂಡನೊಂದಿಗಿನ ಕೆಟ್ಟ ಸಂಬಂಧ ಮುಖ್ಯ ಕಾರಣಗಳಾಗಿದ್ದವು. ಹುಟ್ಟಿದ ಮಗು ಗಂಡೋ ಹೆಣ್ಣೋ ಎಂಬುದೂ ಪರಿಣಾಮ ಬೀರಿತ್ತು.

ಹಾರ್ಮೋನು ಎಲ್ಲ ಬಾಣಂತಿಯರಲ್ಲೂ ಇಳಿಯುತ್ತದೆ, ಎಲ್ಲರಿಗೂ ಖಿನ್ನತೆ ಬರುವುದಿಲ್ಲ. ಹಿಂದೆ ಖಿನ್ನತೆ ಬಂದಿದ್ದವರು, ಕುಡಿದು ಹೊಡೆಯುವ ಗಂಡ ಇರುವವರು, "ಮತ್ತೆ ಹೆಣ್ಣಾ?" ಎಂಬ ಮಾತು ಕೇಳಿದವರು, ಅವಧಿಗೆ ಮೊದಲೇ ಹುಟ್ಟಿದ ಮಗುವನ್ನು ಐಸಿಯುನಲ್ಲಿ ಬಿಟ್ಟು ಬಂದವರು, ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇರುವವರು, ಕೈಸಹಾಯಕ್ಕೆ ಯಾರೂ ಇಲ್ಲದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಹೊಟ್ಟೆಯಲ್ಲೇ ಮಗು ತೀರಿಕೊಂಡವರನ್ನು, ಹುಟ್ಟಿದ ಮಗುವನ್ನು ಕಳೆದುಕೊಂಡವರನ್ನು ಮರೆಯಬಾರದು. ಲಸಿಕೆಗೆ ಕರೆದೊಯ್ಯಲು ಅವರ ಕೈಯಲ್ಲಿ ಮಗುವೇ ಇರುವುದಿಲ್ಲ. ಹಾಗಾಗಿ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಲಕ್ಷಣಗಳು: "ಬೇಜಾರು" ಎಂದೇ ಹೇಳಬೇಕಾಗಿಲ್ಲ

ನಂಜನಗೂಡಿನ ಕಡೆಯಾಗಲಿ ಟಿ.ನರಸೀಪುರದ ಕಡೆಯಾಗಲಿ, ಯಾವ ಬಾಣಂತಿಯೂ "ನನಗೆ ಖಿನ್ನತೆಯಾಗಿದೆ" ಎಂದು ಬಂದು ಹೇಳುವುದಿಲ್ಲ. ಮೈಕೈ ನೋವು, ತಲೆನೋವು, ಸುಸ್ತು, ಎದೆ ಹೊಡ್ಕೊಳ್ಳುತ್ತೆ, ಊಟ ಸೇರಲ್ಲ, ಹಾಲು ಸಾಲ್ತಿಲ್ಲ ಎನ್ನುತ್ತಾಳೆ. ಸುತ್ತಲಿನವರು ಅದಕ್ಕೆ ಕಷಾಯ, ಟಾನಿಕ್ ಕೊಡುತ್ತಾರೆ. ಅಲ್ಲಿಗೆ ಮಾತು ನಿಂತುಬಿಡುತ್ತದೆ. ಕೆಳಗಿನ ಲಕ್ಷಣಗಳಲ್ಲಿ ಹಲವು ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವಿಡೀ ಇದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

- ಯಾವಾಗಲೂ ಮಂಕು, ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲ. ಹಿಂದೆ ಖುಷಿ ಕೊಡುತ್ತಿದ್ದ ಧಾರಾವಾಹಿ, ಹಾಡು, ಗೆಳತಿಯ ಫೋನು ಯಾವುದೂ ಬೇಡ.
- ಮಗು ಮಲಗಿದರೂ ತನಗೆ ನಿದ್ದೆಯಿಲ್ಲ. ಅಥವಾ ಎಷ್ಟು ಮಲಗಿದರೂ ಏಳಲು ಮನಸ್ಸಿಲ್ಲ.
- ಊಟ ತೀರಾ ಕಡಿಮೆ. ತಟ್ಟೆ ಮುಂದಿಟ್ಟರೂ ಹಾಗೇ ಕೂತಿರುತ್ತಾಳೆ.
- ಮಗುವಿನ ಮೇಲೆ ಪ್ರೀತಿಯೇ ಬರುತ್ತಿಲ್ಲ ಎಂಬ ಭಾವನೆ. ಅಥವಾ ಇದಕ್ಕೆ ವಿರುದ್ಧವಾಗಿ, ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ನೋಡುವಷ್ಟು ಭಯ.
- "ನಾನು ಒಳ್ಳೆ ತಾಯಿ ಅಲ್ಲ", "ನನ್ನಿಂದ ಎಲ್ಲರಿಗೂ ತೊಂದರೆ" ಎಂಬ ಮಾತು.
- ಸಿಡುಕು. ಎಷ್ಟೋ ಸಲ ಖಿನ್ನತೆ ಅಳುವಿನ ಬದಲು ಸಿಟ್ಟಾಗಿ ಹೊರಬರುತ್ತದೆ. ಮನೆಯವರು ಅದನ್ನು ಪೊಗರು ಎಂದುಕೊಳ್ಳುತ್ತಾರೆ.
- ತಲೆ ಬಾಚುವುದು, ಸ್ನಾನ ಮಾಡುವುದು ಕೂಡ ಬೆಟ್ಟದಂತೆ ಕಾಣುವುದು. ಯಾರಾದರೂ ಬಂದರೆ ಒಳಗೆ ಹೋಗಿಬಿಡುವುದು.
- "ನಾನಿರದಿದ್ರೇ ಚೆನ್ನಾಗಿತ್ತು" ಎಂಬ ಯೋಚನೆ. ಇದೊಂದಿದ್ದರೆ ಎರಡು ವಾರ ಕಾಯಬೇಡಿ.

ಎರಡು ಮನೆಗಳ ನಡುವೆ ಕೈತಪ್ಪುವ ತಾಯಿ

ನಮ್ಮ ಕಡೆಯ ಬಾಣಂತನದ ಪದ್ಧತಿಯಲ್ಲಿ ಒಳ್ಳೆಯದು ತುಂಬ ಇದೆ. ಮೊದಲ ಹೆರಿಗೆಗೆ ತವರು, ಕೆಲಸದಿಂದ ಬಿಡುವು, ಬಿಸಿನೀರು, ಅವ್ವನ ಕೈಯ ಅಡುಗೆ, ಮಗು ಎತ್ತಿಕೊಳ್ಳಲು ನಾಲ್ಕು ಜನ. ಹೊಸ ತಾಯಿಗೆ ಇಂಥ ಆಸರೆ ಬೇಕೇ ಬೇಕು. ಆದರೆ ಅದೇ ಪದ್ಧತಿಯಲ್ಲಿ ಒಂದು ಸಂದು ಇದೆ. ಅದನ್ನು ಒಂದು ಸಾಮಾನ್ಯ ಉದಾಹರಣೆಯಿಂದ ನೋಡೋಣ.

ತವರು ಟಿ.ನರಸೀಪುರ ತಾಲ್ಲೂಕಿನ ಹಳ್ಳಿ, ಗಂಡನ ಮನೆ ನಂಜನಗೂಡು ತಾಲ್ಲೂಕಿನಲ್ಲಿ ಎಂದುಕೊಳ್ಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬುದು ಸರ್ಕಾರದ ನಿಯಮ. ಮಗುವಿನ ತೂಕ, ಜ್ವರ, ಹೊಕ್ಕಳು, ತಾಯಿಯ ರಕ್ತಸ್ರಾವ ನೋಡುತ್ತಾರೆ. 42ನೇ ದಿನಕ್ಕೆ ಈ ಸುತ್ತು ಮುಗಿಯುತ್ತದೆ. ಮೂರೋ ಐದೋ ತಿಂಗಳಿಗೆ ತಾಯಿ, ಮಗು ಗಂಡನ ಮನೆಗೆ ಹೋಗುತ್ತಾರೆ. ಅಲ್ಲಿ ಊರು ಬೇರೆ, ಆಶಾ ಬೇರೆ, ಆರೋಗ್ಯ ಕೇಂದ್ರ ಬೇರೆ. ಅದೇ ಹೊತ್ತಿಗೆ ಕೈಸಹಾಯ ಕಡಿಮೆಯಾಗುತ್ತದೆ, ಅಡುಗೆಮನೆ, ದನ, ಹೊಲದ ಕೆಲಸ ಶುರುವಾಗುತ್ತದೆ, ರಾತ್ರಿಯ ನಿದ್ದೆಗೇಡು ಮುಂದುವರಿದೇ ಇರುತ್ತದೆ. ಕೂಲಿಗೋ ಕಾರ್ಖಾನೆ ಕೆಲಸಕ್ಕೋ ಹೋಗುವವರಿಗೆ ಇನ್ನೂ ಕಷ್ಟ.

ತಾಯಿ ಕಾರ್ಡ್ ಈ ಮನೆಯಿಂದ ಆ ಮನೆಗೆ ಜೊತೆಯಲ್ಲೇ ಹೋಗುತ್ತದೆ, ಮಗುವಿನ ಲಸಿಕೆ ತಪ್ಪುವುದಿಲ್ಲ. ಆದರೆ ತವರಿನಲ್ಲಿ ಅವಳು ಮಂಕಾಗಿದ್ದಳು ಎಂಬ ಸಂಗತಿ ಅವಳ ಜೊತೆ ಹೋಗುವುದಿಲ್ಲ. ತವರಿನವರು "ಗಂಡನ ಮನೆಗೆ ಹೋದರೆ ಸರಿಹೋಗ್ತಾಳೆ" ಎಂದುಕೊಳ್ಳುತ್ತಾರೆ. ಗಂಡನ ಮನೆಯವರು "ತವರು ಬಿಟ್ಟು ಬಂದ ಬೇಜಾರು" ಎಂದುಕೊಳ್ಳುತ್ತಾರೆ. ಹೀಗೆ ಇಬ್ಬರೂ ತಪ್ಪು ತಿಳಿಯುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರವೇನೂ ಬೇಕಿಲ್ಲ. ಮಗಳನ್ನು ಕಳಿಸಿಕೊಡುವಾಗ ಅವ್ವ, ಅತ್ತೆಯ ಕೈಗೆ ಬಾಣಂತಿ ಸಾಮಾನು ಒಪ್ಪಿಸುವಂತೆ ಈ ಮಾತನ್ನೂ ಒಪ್ಪಿಸಬೇಕು: "ಇವಳು ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಮಾಡ್ತಿಲ್ಲ, ಸ್ವಲ್ಪ ನೋಡ್ಕೊಳಿ." ಮಗುವಿಗೆ 6, 10 ಮತ್ತು 14ನೇ ವಾರದ ಲಸಿಕೆ ಹಾಕಿಸಲು ಹೋದಾಗ ತಾಯಿಯ ಬಗ್ಗೆಯೂ ನರ್ಸಮ್ಮನ ಹತ್ತಿರ ಒಂದು ಮಾತು ಹೇಳಬೇಕು. ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೇ ತಿಂಗಳಲ್ಲಿ ಮಗುವನ್ನು ನೋಡಲು ಮನೆಗೆ ಬರುವ ಕಾರ್ಯಕ್ರಮವೂ ಇದೆ. ಆ ದಿನಗಳಲ್ಲೂ ತಾಯಿಯನ್ನು ವಿಚಾರಿಸಬಹುದು.

ಹೇಗೆ ಕೇಳಬೇಕು?

ಮನೆ ತುಂಬ ಜನ ಇರುವಾಗ "ಹೆಂಗಿದ್ದೀಯವ್ವ?" ಎಂದರೆ "ಚೆನ್ನಾಗಿದ್ದೀನಿ" ಎಂಬ ಉತ್ತರವೇ ಬರುತ್ತದೆ. ಅವಳೊಬ್ಬಳೇ ಇರುವಾಗ, ಕೈಯಲ್ಲಿರುವ ಮಗುವನ್ನು ನೀವು ಎತ್ತಿಕೊಂಡು ಕೇಳಿ.

- "ಮಗು ಮಲಗಿದಾಗ ನಿಂಗೆ ನಿದ್ದೆ ಬರುತ್ತಾ?"
- "ಯಾವುದಾದ್ರೂ ಖುಷಿ ಅನ್ಸುತ್ತಾ, ಇಲ್ಲ ಎಲ್ಲ ಒಂದೇ ಥರ ಇದೆಯಾ?"
- "ಎಲ್ಲದಕ್ಕೂ ನಂದೇ ತಪ್ಪು ಅನ್ಸುತ್ತಾ?"
- "ಸಾಕಪ್ಪ ಈ ಜೀವ ಅನ್ನೋ ಯೋಚನೆ ಬಂದಿದೆಯಾ?"

ಕೊನೆಯ ಪ್ರಶ್ನೆ ಕೇಳಲು ಎಲ್ಲರೂ ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ. ಹಾಗಾಗುವುದಿಲ್ಲ. ಅಂಥ ಯೋಚನೆ ಇದ್ದವರಿಗೆ ಯಾರೋ ಕೇಳಿದರಲ್ಲ ಎಂದು ಮನಸ್ಸು ಹಗುರಾಗುತ್ತದೆ. ಉತ್ತರ ಬಂದಾಗ ಬುದ್ಧಿ ಹೇಳಲು ಹೋಗಬೇಡಿ. "ನಿನಗೇನು ಕಮ್ಮಿಯಾಗಿದೆ?", "ಮಗು ಮುಖ ನೋಡಿ ಮರೆತುಬಿಡು", "ನಾವೆಲ್ಲ ಹೆತ್ತಿಲ್ವಾ?" ಎಂಬ ಮೂರು ಮಾತೂ ಬೇಡ. "ಇದು ನಿನ್ನ ತಪ್ಪಲ್ಲ, ವಾಸಿಯಾಗುತ್ತೆ, ನಾಳೆ ಇಬ್ಬರೂ ಡಾಕ್ಟರ್ ಹತ್ರ ಹೋಗೋಣ" ಎಂದರೆ ಸಾಕು.

ಆಸ್ಪತ್ರೆಗಳಲ್ಲಿ ಇದಕ್ಕೆ ಬಳಸುವ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. 1987ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ರೂಪುಗೊಂಡದ್ದರಿಂದ ಅದನ್ನು ಎಡಿನ್‌ಬರೋ ಮಾಪಕ ಎನ್ನುತ್ತಾರೆ. ಕಳೆದ ಏಳು ದಿನ ಹೇಗಿತ್ತು ಎಂದು ಕೇಳುತ್ತದೆ, ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 30. ಕರ್ನಾಟಕದ ಗ್ರಾಮೀಣ ಗರ್ಭಿಣಿಯರಲ್ಲಿ ಇದರ ಕನ್ನಡ ರೂಪವನ್ನು ಪರೀಕ್ಷಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ಅಂಕದ ಗೆರೆ ಚೆನ್ನಾಗಿ ಕೆಲಸ ಮಾಡಿತು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ "ಇಲ್ಲ" ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಕೂಡಲೇ ವೈದ್ಯರು ನೋಡಬೇಕು. ಈ ಪಟ್ಟಿ ಸಂಶಯವನ್ನಷ್ಟೇ ಹೇಳುತ್ತದೆ. ಕಾಯಿಲೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ವೈದ್ಯರು.

ಕೇಳಿಬರುವ ಮಾತುಗಳು, ವಾಸ್ತವ

*"ಹಿಂದೆ ಇದೆಲ್ಲ ಇರಲಿಲ್ಲ."* ಇತ್ತು. ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಗರ್ಭಿಣಿ, ಬಾಣಂತಿಯರ ಮಾನಸಿಕ ಕಾಯಿಲೆಗಳ ಬಗ್ಗೆಯೇ 1858ರಲ್ಲಿ ಪುಸ್ತಕ ಬರೆದಿದ್ದ. ಅಷ್ಟು ದೂರ ಯಾಕೆ, "ಬಾಣಂತಿ ಸನ್ನಿ" ಎಂಬ ಹೆಸರು ಮೊಬೈಲ್ ಬರುವ ಎಷ್ಟೋ ಮೊದಲೇ ಕನ್ನಡದಲ್ಲಿತ್ತು. ಹತ್ತು ಹೆತ್ತ ಅಜ್ಜಿಯನ್ನು "ನಿನಗೆ ಹೇಗನ್ನಿಸುತ್ತಿದೆ" ಎಂದು ಅಂದು ಯಾರೂ ಕೇಳಿರಲಿಲ್ಲ ಅಷ್ಟೇ.

*"ದೃಷ್ಟಿ ತಾಕಿದೆ, ಗಾಳಿ ಸೋಕಿದೆ."* ದೃಷ್ಟಿ ತೆಗೆಯುವುದರಿಂದ, ನಂಜುಂಡೇಶ್ವರನಿಗೆ ಹರಕೆ ಹೊರುವುದರಿಂದ ಮನೆಯವರಿಗೆ ಸಮಾಧಾನವಾಗುವುದಾದರೆ ಅದಕ್ಕೆ ನಮ್ಮ ತಕರಾರಿಲ್ಲ. ನಂಜನಗೂಡಿನ ದೇವರನ್ನು ಟಿಪ್ಪು ಸುಲ್ತಾನ "ಹಕೀಂ ನಂಜುಂಡ" ಎಂದು ಕರೆದನೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆದರೆ ಹರಕೆಯ ಜೊತೆಗೇ ಆಸ್ಪತ್ರೆಗೂ ಹೋಗಿ. ಹೊಡೆಯುವುದು, ಉಪವಾಸ ಕೆಡವುವುದು, ಹೊಗೆ ಹಾಕಿ ಕೂರಿಸುವುದು ಮಾತ್ರ ಬೇಡವೇ ಬೇಡ. ಅದರಿಂದ ಕಾಯಿಲೆ ಹೆಚ್ಚುತ್ತದೆ.

*"ಮಾತ್ರೆ ತಗೊಂಡ್ರೆ ಹಾಲು ಕೊಡಂಗಿಲ್ಲ."* ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಮೊದಲ ಚಿಕಿತ್ಸೆ. ಮಾತ್ರೆ ಬೇಕಾದಾಗ, ಹಾಲಿಗೆ ಅತಿ ಕಡಿಮೆ ಪ್ರಮಾಣದಲ್ಲಿ ಸೇರುವ ಸರ್ಟ್ರಲೀನ್‌ನಂಥ ಔಷಧಗಳಿವೆ. ಎದೆಹಾಲು ಕುಡಿಸುತ್ತಿದ್ದೀರಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತೆಗೆದುಕೊಳ್ಳಬೇಡಿ. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಸ್ವಲ್ಪ ವಾಸಿಯಾಯಿತೆಂದು ತಟ್ಟನೆ ನಿಲ್ಲಿಸಬಾರದು.

*"ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ದೂರ ಮಾಡ್ತಾರೆ."* 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದ್ದಾಗ ಮಾತ್ರ ತಾತ್ಕಾಲಿಕವಾಗಿ ದೂರವಿಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗ 2009ರಲ್ಲೇ ಶುರುವಾಗಿದೆ.

*"ಹಳ್ಳಿಯಲ್ಲಿ ಇದಕ್ಕೆಲ್ಲ ಏನೂ ಮಾಡಕ್ಕಾಗಲ್ಲ."* ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಲ್ಲಿದ್ದ ತಾಯಂದಿರ ಮನೆಗೆ ಕಳಿಸಿ ಮಾತನಾಡಿಸಲಾಯಿತು. ಹೆರಿಗೆಯಾದ ಆರು ತಿಂಗಳಿಗೆ ಆ ಗುಂಪಿನಲ್ಲಿ ಶೇ. 23ರಷ್ಟು ತಾಯಂದಿರು ಮಾತ್ರ ಖಿನ್ನತೆಯಲ್ಲಿ ಉಳಿದಿದ್ದರು. ಈ ತರಬೇತಿಯ ಮಾತುಕತೆ ಸಿಗದ ಗುಂಪಿನಲ್ಲಿ ಶೇ. 53. ಈ ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಇವೆರಡೂ ಖಿನ್ನತೆಯಂತೆಯೇ ಕಾಣಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ದಿನ ಬಂದು ನೋಡುವ ವ್ಯವಸ್ಥೆ ರಾಜ್ಯದಲ್ಲಿದೆ, ಇದಕ್ಕೆ "ಮನೋಚೈತನ್ಯ" ಎಂದು ಹೆಸರು. ನಂಜನಗೂಡು, ಟಿ.ನರಸೀಪುರದವರು ತಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಹೆರಿಗೆಗೆ ಚೆಲುವಾಂಬ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಅಲ್ಲಿನ ವೈದ್ಯರಿಗೇ ಹೇಳಿ. ಬಸ್ಸು ಹತ್ತುವುದೂ ಕಷ್ಟವೆನಿಸಿದರೆ ಮನೆಯಿಂದಲೇ 14416ಕ್ಕೆ ಕರೆ ಮಾಡಿ. ತಾಯಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಹೊಡೆತ, ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181.

ತುರ್ತು ಎಂದರೆ ಇದು: ಸಾಯುವ ಮಾತು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಭಯ, ಇಲ್ಲದ್ದು ಕಾಣುವುದು, ಕೇಳಿಸುವುದು, ಎರಡು ಮೂರು ರಾತ್ರಿ ಒಂದಿಷ್ಟೂ ನಿದ್ದೆಯಿಲ್ಲದಿರುವುದು. ಹೀಗಿದ್ದರೆ ತಾಯಿಯನ್ನು ಒಂಟಿಯಾಗಿ ಬಿಡಬೇಡಿ, ಮಗುವಿನ ಪಕ್ಕ ಇನ್ನೊಬ್ಬರು ಇರಲಿ. ಹೊಲಕ್ಕೆ ತಂದ ಕೀಟನಾಶಕ, ಮನೆಯಲ್ಲಿರುವ ಮಾತ್ರೆಗಳನ್ನು ಬೀಗ ಹಾಕಿಡಿ ಅಥವಾ ಬೇರೆ ಮನೆಗೆ ಸಾಗಿಸಿ. 108ಕ್ಕೆ ಕರೆ ಮಾಡಿ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದನ್ನು ಫಾರ್ವರ್ಡ್ ಮಾಡಬಹುದು

ನಗುವ ಎಮೋಜಿಯ ಆ ಸಂದೇಶ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಜಗಳವಾಡದೆ ಈ ಐದು ಸಾಲನ್ನು ಅದರ ಕೆಳಗೆ ಹಾಕಿ.

1. ಐದು ತಾಯಂದಿರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಖಿನ್ನತೆ ಬರಬಹುದು. ಅದು ಸೋಮಾರಿತನವಲ್ಲ, ಪೊಗರಲ್ಲ.
2. ಅಳು, ಬೇಸರ ಎರಡು ವಾರ ದಾಟಿದರೆ ಡಾಕ್ಟರ್ ಹತ್ತಿರ ಹೋಗಬೇಕು.
3. ಬಾಣಂತಿಯನ್ನು ಕೇಳಿ: "ಮಗು ಮಲಗಿದಾಗ ನಿಂಗೆ ನಿದ್ದೆ ಬರುತ್ತಾ?"
4. ತವರಿನಿಂದ ಗಂಡನ ಮನೆಗೆ ಹೋಗುವಾಗ ತಾಯಿ ಹೇಗಿದ್ದಾಳೆಂದು ಎರಡೂ ಮನೆಯವರು ಮಾತಾಡಿಕೊಳ್ಳಿ.
5. ಉಚಿತ ಸಹಾಯವಾಣಿ 14416, ತುರ್ತಿಗೆ 108.

ಬಾಣಂತಿ ನೋಡಲು ಹೋಗುವಾಗ ನಾವೆಲ್ಲ ಮಗುವಿಗೆ ಜುಬ್ಬವೋ ಟೋಪಿಯೋ ಒಯ್ಯುತ್ತೇವೆ, ಮಗು ಯಾರ ಹಾಗಿದೆ ಎಂದು ಮಾತಾಡಿ ಕಾಫಿ ಕುಡಿದು ಬರುತ್ತೇವೆ. ಮುಂದಿನ ಸಲ ಹೋದಾಗ ಒಂದರ್ಧ ಗಂಟೆ ಮಗುವನ್ನು ನೀವು ಎತ್ತಿಕೊಂಡು, ತಾಯಿಯನ್ನು ಮಾತಾಡಿಸಿ ಬನ್ನಿ.